ಸಿದ್ರಾಳ ನಾಲ್ಕು ತಿಂಗಳು ಹತ್ತು ದಿನ

ಮೈಸೂರಿನ ಮಂಡಿ ಮೊಹಲ್ಲಾದ ಸಿದ್ರಾ ಅಮೆರಿಕದ ಗ್ಲೆಂಡೇಲ್‌ನಲ್ಲಿ ಕುಳಿತು ಹಳೆಯ ಅಮೆರಿಕನ್ ಟೀವಿ ಧಾರಾವಾಹಿಗಳಿಗೆ ಸಬ್‌ಟೈಟಲ್ ಕೂಡಿಸುತ್ತಿದ್ದಳು. ಕುದುರೆ, ಧೂಳು, ಬಂದೂಕು, ಕಪ್ಪು ಬಿಳುಪಿನ ಆಕಾಶ. ಯಾರು ಯಾವ ಕ್ಷಣದಲ್ಲಿ ಏನು ಹೇಳಿದರೆಂದು ಗುರುತು ಹಾಕುವುದೇ ಕೆಲಸವಾದ್ದರಿಂದ ಅಲ್ಲಿಯ ಪ್ರೀತಿಗೆ ಎಷ್ಟು ನಿಮಿಷ ಹಿಡಿಯುತ್ತದೆಂಬುದು ಅವಳಿಗೆ ಬಾಯಿಪಾಠವಾಗಿತ್ತು. ಒಂಬತ್ತನೆಯ ನಿಮಿಷಕ್ಕೆ ಹುಡುಗಿ ಸಾರೋಟಿನಿಂದ ಇಳಿಯುತ್ತಾಳೆ. ಮೂವತ್ತೊಂದಕ್ಕೆ ನಾಯಕ ಮದುವೆಯ ಮಾತೆತ್ತುತ್ತಾನೆ. ನಲವತ್ತೇಳಕ್ಕೆ ಅವಳಿಗೆ ಗುಂಡು ತಗಲುತ್ತದೆ. ಮುಂದಿನ ವಾರ ಅವನು ಶಿಳ್ಳೆ ಹಾಕುತ್ತ ಬೇರೊಂದು ಊರಿಗೆ ಬರುತ್ತಾನೆ. ಅವಳ ಹೆಸರನ್ನು ಯಾರೂ ಎತ್ತುವುದಿಲ್ಲ.

೨೦೨೦ರ ಅಕ್ಟೋಬರಿನಲ್ಲಿ ಇರ್ಫಾನ್ ಜೊತೆ ಅವಳ ಮದುವೆ ನಿಶ್ಚಯವಾಯಿತು. ಅವನು ಕಾರ್ಲ್ಸ್‌ಬಾಡ್‌ನಲ್ಲಿ ಟೆಲಿಕಾಂ ಎಂಜಿನಿಯರ್; ತಾಯಿ ಹುಣಸೂರಿನಲ್ಲಿ. ಸಿದ್ರಾ ಇದ್ದುದು ತನ್ನ ತಾಯಿಯ ತಂಗಿ ರಯೀಸಾ ಖಾಲಾ ಅವರ ಮನೆಯಲ್ಲಿ. ಭಾನುವಾರಗಳಂದು ಅವನು ಎರಡು ಗಂಟೆ ಡ್ರೈವ್ ಮಾಡಿ ಬಂದು, ಹಿತ್ತಲಿನಲ್ಲಿ ಮಾಸ್ಕ್ ಹಾಕಿಕೊಂಡು, ಆರಡಿ ದೂರ ಕೂರುತ್ತಿದ್ದ. ಅವಳು ಲ್ಯಾಪ್‌ಟಾಪ್ ತಿರುಗಿಸಿ ಆ ವಾರದ ಕಂತು ತೋರಿಸುತ್ತಿದ್ದಳು.

“ಇವನಿಗೇನು ಬಸ್ ಮಿಸ್ ಆಗತ್ತಾ? ಈಗ ತಾನೇ ಹೆಸರು ಕೇಳ್ದ, ಆಗ್ಲೇ ಮದ್ವೆ ಅಂತಾನೆ!” ಎನ್ನುತ್ತಿದ್ದ ಇರ್ಫಾನ್.

“ನೀವೂ ಮೂರನೇ ಸಲ ನೋಡಿದ್ದಕ್ಕೇ ಹೂಂ ಅಂದ್ರಲ್ಲ?”

“ನಾನು ಖಾಲಾ ಮಾಡಿದ ಬಿರಿಯಾನಿ ತಿಂದು ಹೂಂ ಅಂದಿದ್ದು. ಪಾಪ, ಇವನಿಗೆ ಯಾರೂ ಕಾಫೀನೂ ಕೊಟ್ಟಿಲ್ಲ.”

ವೀಸಾ ಕಚೇರಿಗಳು ಮುಚ್ಚಿದ್ದವು; ಅವನ ತಾಯಿ ಮದುವೆಗೆ ಬರುವಂತಿರಲಿಲ್ಲ. ನವೆಂಬರಿನಲ್ಲಿ ಖಾಲಾ, “ಫೋನಲ್ಲೇ ನಿಕಾಹ್ ಮಾಡಿಬಿಡೋಣ. ಎಲ್ರೂ ಹಾಗೇ ಮಾಡ್ತಿದಾರೆ,” ಎಂದರು. ಸಿದ್ರಾ ಅವನ ಮುಖ ನೋಡಿದಳು.

“ಅಮ್ಮಿ ಬರಲಿ ಖಾಲಾ. ನಾನೇನು ಕೌಬಾಯಾ, ಅಷ್ಟು ಅವಸರಕ್ಕೆ?” ಎಂದ ಇರ್ಫಾನ್.

ಮೂವರೂ ನಕ್ಕರು.

ಜನವರಿಯಲ್ಲಿ ಅವನಿಗೆ ಕೋವಿಡ್ ಬಂತು. ಆಸ್ಪತ್ರೆ ಯಾರನ್ನೂ ಒಳಗೆ ಬಿಡಲಿಲ್ಲ. ಕುಟುಂಬದವರಿಗೆ ಮಾತ್ರ ಫೋನಿನಲ್ಲಿ ಸ್ಥಿತಿ ಹೇಳುತ್ತಿತ್ತು. ನೂರು ಮೈಲಿಯಾಚೆಯ ಸುದ್ದಿ ಹುಣಸೂರಿಗೆ ಹೋಗಿ, ಅಲ್ಲಿಂದ ಗ್ಲೆಂಡೇಲ್‌ಗೆ ಬರುತ್ತಿತ್ತು. ಹನ್ನೊಂದನೆಯ ದಿನದ ಸುದ್ದಿಯೂ ಹಾಗೆಯೇ ಬಂತು.

ಗಂಡ ತೀರಿಕೊಂಡರೆ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಕೂರುತ್ತಾಳೆ. ಹೊರಗೆ ಹೋಗುವುದಿಲ್ಲ, ಬಳೆ ತೊಡುವುದಿಲ್ಲ, ಅತ್ತರು ಹಚ್ಚುವುದಿಲ್ಲ. ಬೇರೆ ಸಂಬಂಧದ ಮಾತನ್ನು ಯಾರೂ ತರುವಂತಿಲ್ಲ. ಉಳಿದವರಿಗೆ ಶೋಕ ಮೂರು ದಿನ.

“ನಿನಗೆ ಇದ್ದತ್ ಇಲ್ಲ ಬೇಟಿ,” ಎಂದರು ಇರ್ಫಾನನ ತಾಯಿ ಫೋನಿನಲ್ಲಿ. “ನಿಕಾಹ್ ಆಗಿರಲಿಲ್ಲವಲ್ಲ. ನಿನ್ನನ್ನ ಯಾರೂ ಕಟ್ಟಿಹಾಕಲ್ಲ. ನಿನ್ನ ಬದುಕು ನೋಡ್ಕೋ.”

ಆ ಮಾತಿನಲ್ಲಿದ್ದುದು ಪ್ರೀತಿಯೇ. ಆದರೆ ಅವನನ್ನು ತನ್ನವನೆಂದುಕೊಂಡು ದುಃಖಿಸಲು ಸಿದ್ರಾಗೆ ಹೆಂಡತಿಯೆಂಬ ಹೆಸರು ಬೇಕಿತ್ತು. ಅದು ಅವಳಿಗೆ ದಕ್ಕಿರಲಿಲ್ಲ.

ನಾಲ್ಕನೆಯ ದಿನವೂ ಅವಳು ಬಳೆ ತೊಡಲಿಲ್ಲ. ಯಾರಿಗೂ ಹೇಳಲಿಲ್ಲ. ಕೆಲಸ ಹೇಗೂ ಮನೆಯಿಂದಲೇ. ಇಡೀ ಊರೇ ಬಾಗಿಲು ಹಾಕಿಕೊಂಡಿದ್ದ ಆ ವರ್ಷ ಒಬ್ಬ ಹುಡುಗಿ ಹೊರಗೆ ಬರುತ್ತಿಲ್ಲವೆಂಬುದನ್ನು ಯಾರು ಗಮನಿಸಬೇಕು? ಕಂತುಗಳು ಬರುತ್ತಲೇ ಇದ್ದವು. ನಲವತ್ತೇಳನೆಯ ನಿಮಿಷಕ್ಕೆ ಹುಡುಗಿಯರು ಬೀಳುತ್ತಿದ್ದರು. ಅವಳು ಗುಂಡಿನ ಸದ್ದಿಗೆ ಗುರುತು ಹಾಕಿ, ಮುಂದಿನ ಸಾಲಿಗೆ ಹೋಗುತ್ತಿದ್ದಳು.

ಮಾರ್ಚಿನಲ್ಲಿ ಖಾಲಾ ಮಾತು ತೆಗೆದರು. “ಸಿಕಂದರ್ ಅಂತ, ಟೊರ್ರಿ ಪೈನ್ಸ್‌ನಲ್ಲಿ ರಿಸರ್ಚ್ ಮಾಡ್ತಾನೆ. ಒಳ್ಳೇ ಹುಡುಗ. ಎಷ್ಟು ದಿನ ಅಂತ ಹೀಗಿರ್ತೀಯ?”

“ಮೇ ಕೊನೇವರೆಗೂ.”

“ಅದ್ಯಾಕೆ ಮೇ?”

ಸಿದ್ರಾ ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ಖಾಲಾ ಅವಳ ಬರಿಗೈಗಳನ್ನೇ ನೋಡುತ್ತ ಉಳಿದರು.

ಏಪ್ರಿಲಿನ ಒಂದು ಮಧ್ಯಾಹ್ನ ಸಿಕಂದರನ ತಾಯಿಯ ಫೋನ್ ಬಂತು. ಈ ಭಾನುವಾರ ಚಹಾಕ್ಕೆ ಬರಬಹುದೇ ಎಂದು. ಖಾಲಾ ಈರುಳ್ಳಿ ಹೆಚ್ಚುತ್ತಿದ್ದರು. ಸಿದ್ರಾ ಅಡುಗೆಮನೆಯ ಬಾಗಿಲಲ್ಲಿದ್ದಳು.

“ಇಲ್ಲ ಆಪಾ, ಈಗ ಆಗಲ್ಲ. ಮೇ ಕಳೀಲಿ. ನಮ್ಮನೇಲಿ ಸಾವಾಗಿದೆ.”

ಆಚೆಯವರು ಯಾರೆಂದು ಕೇಳಿರಬೇಕು. ಖಾಲಾ ಚಾಕು ಕೆಳಗಿಟ್ಟರು.

“ನಮ್ಮ ಅಳಿಯ,” ಎಂದರು.

ಸಿದ್ರಾ ಬಾಗಿಲಲ್ಲೇ ಕುಳಿತು, ಜನವರಿಯ ನಂತರ ಮೊದಲ ಸಲ ದನಿ ತೆಗೆದು ಅತ್ತಳು.