ಗಾಲಿಯಕ್ಕನ ಶನಿವಾರದ ಮಕ್ಕಳು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಹಡಿಯ ಉದ್ದನೆಯ ಓಣಿಯಲ್ಲಿ ಒಬ್ಬ ಹೆಂಗಸು ಕುಕ್ಕರುಗಾಲಲ್ಲಿ ಕೂತು ಸ್ಟ್ರೆಚರಿನ ಗಾಲಿಗೆ ಸುತ್ತಿಕೊಂಡ ಕೂದಲು, ಹತ್ತಿ, ಬ್ಯಾಂಡೇಜಿನ ದಾರವನ್ನೆಲ್ಲ ಹಳೆಯ ಹೇರ್‌ಪಿನ್ನಿನಿಂದ ಕೆದಕಿ ತೆಗೆಯುತ್ತಿದ್ದಾರೆ. ಪಕ್ಕದಲ್ಲಿ ಪುಟ್ಟ ಡಬ್ಬಿಯಲ್ಲಿ ಕಪ್ಪು ಗ್ರೀಸು. ಅದು ಗಂಡನ ಸೈಕಲ್ ರಿಪೇರಿ ಅಂಗಡಿಯದು. ಬೆರಳ ತುದಿಯಲ್ಲಿ ಚೂರು ತೆಗೆದು ಸವರಿ, ಗಾಲಿಯನ್ನು ತಿರುಗಿಸಿ ಕಿವಿಗೊಡುತ್ತಾರೆ. "ನಮಗೆ ಕಿರ್ ಅಂದ್ರೆ ಏನೂ ಅಲ್ಲ. ನೋವು ತಿಂತಾ ಮಲಗಿದೋರಿಗೆ ಅದು ತಲೆ ಒಳಗೇ ಕಿರ್ ಅನ್ನತ್ತೆ" ಎನ್ನುತ್ತಾರೆ.

ಇವರನ್ನು ಆಸ್ಪತ್ರೆಯಲ್ಲಿ ಎಲ್ಲರೂ ಗಾಲಿಯಕ್ಕ ಎಂದೇ ಕರೆಯುತ್ತಾರೆ. ವಾರ್ಡಿನಿಂದ ಎಕ್ಸರೇ ಕೋಣೆಗೆ, ಅಲ್ಲಿಂದ ಸ್ಕ್ಯಾನಿಂಗಿಗೆ, ಆಪರೇಷನ್ ಥಿಯೇಟರಿಗೆ, ಮತ್ತೆ ವಾರ್ಡಿಗೆ ರೋಗಿಗಳನ್ನು ತಳ್ಳಿಕೊಂಡು ಹೋಗುವುದು ಅವರ ಕೆಲಸ. ದಿನಕ್ಕೆ ಮೂವತ್ತು ನಲವತ್ತು ಸಲ. ಮನೆಗೆ ಹೋದರೆ ಗಂಡನ ಚೇಷ್ಟೆ ಕಾದಿರುತ್ತದೆ. "ಊರಲ್ಲಿರೋರನ್ನೆಲ್ಲ ಮಲಗಿಸ್ಕೊಂಡು ಮೆರವಣಿಗೆ ಮಾಡ್ತೀಯ, ಕಟ್ಕೊಂಡ ಗಂಡನ್ನ ಒಂದಿನಾನಾದ್ರೂ ಕೂರಿಸಿ ತಳ್ಳಿದ್ಯಾ?" ಅದಕ್ಕೆ ಇವರ ಉತ್ತರ: "ನೀವು ಅಲ್ಲಿಗೆ ಬರೋದು ಬೇಡ ಅಂತಲೇ ದಿನಾ ಬೇಡ್ಕೊಳ್ತೀನಿ. ತೆಪ್ಪಗೆ ಪಂಕ್ಚರ್ ಹಾಕಿ."

ಗಾಲಿಯಕ್ಕ ಮೊದಲು ಇಲ್ಲಿ ನೆಲ ಒರೆಸುತ್ತಿದ್ದರು. ಆಗ ಅವರ ಅತ್ತೆ ಸೊಂಟ ಮುರಿದುಕೊಂಡು ಇದೇ ಓಣಿಯಲ್ಲಿ ಸ್ಟ್ರೆಚರಿನ ಮೇಲೆ ಎಕ್ಸರೇ ಸರದಿಗೆ ಕಾದಿದ್ದರು. ಸೊಸೆ ಔಷಧಿ ತರಲು ಹೋಗಿ ಬರುವಷ್ಟರಲ್ಲಿ ಮುದುಕಿ ಎದ್ದು ಕೂರಲು ಹೋಗಿ, ಅರ್ಧ ಜಾರಿ, ಕಂಬಿ ಹಿಡಿದು ನೇತಾಡುತ್ತಿದ್ದರು. "ನನ್ನನ್ನ ಇಲ್ಲೇ ಬಿಟ್ಟು ಹೋದ್ರು ಅಂದ್ಕೊಂಡೆ ಕಣೇ" ಎಂದು ಸೊಸೆಯ ಕೈ ಹಿಡಿದು ಅತ್ತರಂತೆ. ಮುಂದೆ ತಳ್ಳುವ ಕೆಲಸ ಸಿಕ್ಕಾಗ ಗಾಲಿಯಕ್ಕನಿಗೆ ಒಂದು ಕೊರಗು ಅಂಟಿಕೊಂಡಿತು. ಒಬ್ಬರನ್ನು ಬಾಗಿಲ ಮುಂದೆ ಬಿಟ್ಟು ಇನ್ನೊಬ್ಬರಿಗೆ ಓಡಬೇಕು. ಕಾಯುವವರ ಪಕ್ಕ ಯಾರೂ ಇಲ್ಲ.

ಆ ಕೊರಗಿಗೆ ಮದ್ದಾಗಿ ಬಂದವರು ಕಾಲೇಜು ಮಕ್ಕಳು. ಮುಂದೆ ಡಾಕ್ಟರೋ ನರ್ಸೋ ಲ್ಯಾಬಿನವರೋ ಆಗಬೇಕೆಂದು ಆಸೆ ಇರುವವರು ಶನಿವಾರ ಬೆಳಿಗ್ಗೆ ಸಂಬಳವಿಲ್ಲದೆ ಬಂದು ಕೆಲಸ ಮಾಡಬಹುದೆಂದು ಆಸ್ಪತ್ರೆ ಒಪ್ಪಿಕೊಂಡಿತು. ಅವರನ್ನು ಯಾರ ಕೈಗೆ ಒಪ್ಪಿಸುವುದು ಎಂಬ ಮಾತು ಬಂದಾಗ ಉಳಿದವರೆಲ್ಲ ಮೆಲ್ಲಗೆ ಜಾರಿಕೊಂಡರು. ಗಾಲಿಯಕ್ಕ ಸಿಕ್ಕಿಬಿದ್ದರು.

ಅವರ ಪಾಠ ಶುರುವಾಗುವುದು ಸ್ಟ್ರೆಚರಿನ ಮೇಲೆ. ಹೊಸಬರನ್ನು ಮಲಗಿಸಿ, ಮೇಲೆ ಹೊದಿಕೆ ಹೊದಿಸಿ, ಲಿಫ್ಟಿನವರೆಗೂ ತಳ್ಳುತ್ತಾರೆ. ಇವತ್ತು ಬಂದಿರುವ ದಢೂತಿ ಹುಡುಗ ನಗುನಗುತ್ತಲೇ ಮಲಗಿದ. ಸೀಲಿಂಗಿನ ದೀಪಗಳು ಒಂದೊಂದಾಗಿ ತಲೆಯ ಮೇಲೆ ಹಿಂದಕ್ಕೆ ಸರಿದಂತೆ ನಗು ಇಳಿಯಿತು. ಲಿಫ್ಟಿನ ಹೊಸಿಲಲ್ಲಿ ಗಾಲಿ ದಡಕ್ಕೆಂದಾಗ ಎರಡೂ ಕೈಯಲ್ಲಿ ಕಂಬಿ ಹಿಡಿದುಕೊಂಡ.

"ಅಕ್ಕಾ! ಮೊದಲೇ ಹೇಳ್ಬಾರ್ದಾ?"

"ಹೇಳ್ಬೇಕು ಅಂತ ಈಗ ಗೊತ್ತಾಯ್ತಲ್ಲ. ಏಳಪ್ಪ, ನನ್ನ ರಟ್ಟೆ ಬಿತ್ತು."

ಮಕ್ಕಳು ಸೂಜಿ ಮುಟ್ಟುವಂತಿಲ್ಲ, ಮಾತ್ರೆ ಕೊಡುವಂತಿಲ್ಲ. ಗಾಲಿಕುರ್ಚಿ ತಳ್ಳಬಹುದು. ಕನ್ನಡಕ, ಹಲ್ಲಿನ ಸೆಟ್ಟು ಜೋಪಾನವಾಗಿ ಹಿಡಿದುಕೊಳ್ಳಬಹುದು. ಟೀ ಕುಡಿಯಲು ಹೋದ ಮಗನನ್ನು ಹುಡುಕಿ ತರಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಪಕ್ಕದಲ್ಲಿ ಕೂರಬಹುದು. ರಕ್ತ ನೋಡಿ ತಲೆ ತಿರುಗಿ ಬಿದ್ದು, ಮಾರನೆಯ ವಾರವೇ ಬೇರೆ ವಿಷಯ ಓದಲು ಹೋದವರೂ ಇದ್ದಾರೆ. "ಈಗಲೇ ಗೊತ್ತಾದ್ರೆ ಒಳ್ಳೇದೇ ತಾನೇ? ಅಪ್ಪ ಅಮ್ಮನ ದುಡ್ಡು ಉಳೀತು" ಎನ್ನುತ್ತಾರೆ ಗಾಲಿಯಕ್ಕ. ಸರ್ಟಿಫಿಕೇಟಿನ ಆಸೆಗೆ ಬರುವವರ ಬಗ್ಗೆಯೂ ಅವರಿಗೆ ಬೇಸರವಿಲ್ಲ. "ಬರ್ಲಿ ಬಿಡಿ. ಕಾಗದಕ್ಕೆ ಅಂತ ಬಂದೋನು ಅಜ್ಜಿ ಕೈ ಹಿಡ್ಕೊಂಡ್ರೆ ಅಜ್ಜಿಗೆ ಆ ಕೈ ತಣ್ಣಗನ್ನಿಸತ್ತಾ?"

ಈ ಶನಿವಾರಗಳೇ ನಿಂತುಹೋಗುವ ಹಾಗಾಗಿತ್ತು, ಸ್ವಲ್ಪ ದಿನದ ಹಿಂದೆ.

ಮಕ್ಕಳಲ್ಲಿ ಒಬ್ಬಳಿಗೆ ದಪ್ಪ ಕನ್ನಡಕ. ಜೊತೆಯವರು ಸೋಡಾಬುಡ್ಡಿ ಎಂದು ಕರೆಯುತ್ತಾರೆ, ಅವಳೂ ಆ ಹೆಸರಿಗೇ ಓಗೊಡುತ್ತಾಳೆ. ನರ್ಸ್ ಆಗಬೇಕೆಂಬ ಹಟ ಅವಳದು. ಅಂದು ಥಿಯೇಟರಿನ ಬಾಗಿಲಲ್ಲಿ ಹರ್ನಿಯ ಆಪರೇಷನ್ನಿಗೆಂದು ಬಂದ, ಗಡಿಯಾರ ರಿಪೇರಿ ಮಾಡುವ ತಾತನ ಪಕ್ಕ ಅವಳು ಕೂತಿದ್ದಳು. ಒಳಗೆ ತಡವಾಗುತ್ತಲೇ ಹೋಯಿತು. ತಾತ ಗಂಟಲು ಒಣಗಿತೆಂದು ಗೋಗರೆದರು. ಹುಡುಗಿ ತನ್ನ ನೀರಿನ ಬಾಟಲಿಯನ್ನೇ ಅವರ ಬಾಯಿಗೆ ಹಿಡಿದಳು. ತಾತ ಗಟಗಟ ಅರ್ಧ ಮುಗಿಸಿದರು.

ಆಮೇಲೆ ಅರಿವಳಿಕೆ ಕೊಡುವ ಡಾಕ್ಟರು ಬಂದು, ಏನಾದರೂ ತಿಂದಿರಾ, ಕುಡಿದಿರಾ ಎಂದು ಕೇಳಿದರು. "ಏನೂ ಇಲ್ಲ ಸ್ವಾಮಿ" ಎಂದ ತಾತ ಹುಡುಗಿಯ ಕಡೆ ತಿರುಗಿ ಕಣ್ಣು ಹೊಡೆದರು. ಪಾಪ, ಮಗುವಿಗೆ ಬೈಗುಳ ಬೀಳದಿರಲಿ ಎಂದು.

ಹೊಟ್ಟೆಯಲ್ಲಿ ನೀರಿದ್ದು, ಪ್ರಜ್ಞೆ ತಪ್ಪಿಸಿದ ಮೇಲೆ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ನುಗ್ಗಿದರೆ ಜೀವಕ್ಕೇ ಕುತ್ತು. ಅಷ್ಟೆಲ್ಲ ಹುಡುಗಿಗೆ ಆಗ ತಿಳಿಯದು. ಡಾಕ್ಟರು ಕೇಳಿದ ರೀತಿಯಿಂದ ಏನೋ ಕೆಟ್ಟದ್ದಾಗಿದೆ ಎಂಬುದಷ್ಟೇ ತಿಳಿಯಿತು.

"ಇಲ್ಲ ಡಾಕ್ಟರ್, ನೀರು ಕುಡಿದಿದ್ದಾರೆ. ನಾನೇ ಕೊಟ್ಟೆ."

ಆಪರೇಷನ್ ಮುಂದಕ್ಕೆ ಹೋಯಿತು. ಡಾಕ್ಟರು ಸಿಡಿದರು. ಅವರಿಗಿಂತ ಜೋರಾಗಿ ಸಿಡಿದವರು ತಾತ. "ನಿನಗೋಸ್ಕರ ಸುಳ್ಳು ಹೇಳಿದ್ನಲ್ಲೇ ಹುಚ್ಚಿ! ಸುಮ್ಮನಿರೋಕೆ ಏನಾಗಿತ್ತು ರೋಗ?"

ಸಂಜೆಯೊಳಗೆ ವಾರ್ಡಿನ ಹಿರಿಯ ಸಿಸ್ಟರ್ ಗಾಲಿಯಕ್ಕನನ್ನು ಕರೆಸಿದರು. "ಇನ್ನು ಕಾಲೇಜು ಮಕ್ಕಳು ಬೇಡ. ಒಳ್ಳೆ ಮನಸ್ಸಿನಿಂದಲೇ ಯಾರನ್ನಾದ್ರೂ ಕೊಂದು ಹಾಕ್ತಾರೆ" ಎಂದರು. ಹಾಗೇ ಕೇಳಿದರು: "ಬಾಯಿಗೆ ಏನೂ ಕೊಡಬೇಡಿ ಅಂತ ಕೆಂಪು ಬೋರ್ಡ್ ಇರತ್ತಲ್ಲ, ಅದನ್ನ ಅವಳು ನೋಡ್ಲಿಲ್ವಾ?"

ಈಗ ಗಾಲಿಯಕ್ಕನಿಗೆ ಬಾಯಿ ಬಿಡದೆ ವಿಧಿ ಇರಲಿಲ್ಲ. "ಬೋರ್ಡು ಮಂಚಕ್ಕೆ ನೇತು ಹಾಕಿರತ್ತೆ ಸಿಸ್ಟರ್. ನಾನು ತಾತನ್ನ ಸ್ಟ್ರೆಚರ್‌ಗೆ ಎತ್ತಿಕೊಂಡು ಬಂದೆ. ಬೋರ್ಡು ಅಲ್ಲೇ ಉಳೀತು. ದಿನಾ ಹಾಗೇ ಉಳಿಯತ್ತೆ. ಆ ಮಗೂಗೆ ನಾನೂ ಹೇಳಿರ್ಲಿಲ್ಲ. ಬೈಯೋದಾದ್ರೆ ನನಗೇ ಬೈಯಿರಿ."

ಸಿಸ್ಟರ್ ಎದ್ದು ವಾರ್ಡಿಗೆ ನಡೆದರು. ತಾತನ ಮಂಚದ ಕಾಲ ಬಳಿ ಬೋರ್ಡು ಇನ್ನೂ ತೂಗುತ್ತಿತ್ತು. ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರಂತೆ. ಆದರೂ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ.

ಮುಂದಿನ ಶನಿವಾರ ಮಕ್ಕಳಿಲ್ಲ. ಓಣಿಯಲ್ಲಿ ಸ್ಟ್ರೆಚರುಗಳು ಸಾಲುಗಟ್ಟಿದ್ದವು. ಸಿಸ್ಟರ್ ಆ ಕಡೆಯಿಂದ ಈ ಕಡೆಗೆ ಯಾವುದೋ ಕೆಲಸಕ್ಕೆ ಹೊರಟರು. ಮೊದಲ ಸ್ಟ್ರೆಚರಿನವರು ಸಿಸ್ಟರ್ ಕೋಟಿನ ತುದಿ ಹಿಡಿದು "ನನ್ನ ಸರದಿ ಬಂತಾ?" ಎಂದರು. ಎರಡನೆಯವರಿಗೆ ಚಳಿ. ಮೂರನೆಯವರ ಕನ್ನಡಕ ಕಳೆದಿತ್ತು. ಮತ್ತೊಬ್ಬರಿಗೆ ಮಗ ಬಂದನೋ ಇಲ್ಲವೋ ಗೊತ್ತಾಗಬೇಕಿತ್ತು. ಓಣಿಯ ಆ ತುದಿ ಮುಟ್ಟುವಷ್ಟರಲ್ಲಿ ಸಿಸ್ಟರ್ ಹೊರಟ ಕೆಲಸವೇ ಮರೆತಿದ್ದರು. ಎದುರಿಗೆ ಸಿಕ್ಕ ಗಾಲಿಯಕ್ಕನಿಗೆ, "ನಗಬೇಡ ಅಕ್ಕ" ಎಂದರು.

"ಎಲ್ಲಿ ನಕ್ಕೆ ಸಿಸ್ಟರ್?"

"ಒಳಗೊಳಗೇ ನಗ್ತಿದ್ದೀಯ. ಬರಹೇಳು ಆ ಮಕ್ಕಳಿಗೆ."

ಅಂದಿನಿಂದ ಬೋರ್ಡಿನ ಜೊತೆ, ಖಾಲಿ ಹೊಟ್ಟೆಯಲ್ಲಿರಬೇಕಾದವರ ಕೈಗೂ ಒಂದು ಕೆಂಪು ಪಟ್ಟಿ ಕಟ್ಟುತ್ತಾರೆ. ಎಲ್ಲಿಗೆ ತಳ್ಳಿದರೂ ಪಟ್ಟಿ ಜೊತೆಗೇ ಹೋಗುತ್ತದೆ. ತಾತನ ಆಪರೇಷನ್ನೂ ಆಯಿತು, ಅವರು ನಡೆದುಕೊಂಡೇ ಮನೆಗೆ ಹೋದರು.

ಸೋಡಾಬುಡ್ಡಿ ಮಾತ್ರ ಬಂದಿರಲಿಲ್ಲ. ಗಾಲಿಯಕ್ಕ ಮೂರು ಸಲ ಹೇಳಿಕಳಿಸಿದ ಮೇಲೆ ಇವತ್ತು ಬಂದು ಬಾಗಿಲ ಹತ್ತಿರ ಗೋಡೆಗೆ ಅಂಟಿಕೊಂಡು ನಿಂತಿದ್ದಾಳೆ. ಗಾಲಿಯಕ್ಕ ಒಬ್ಬೊಬ್ಬರಿಗೆ ಜಾಗ ಹೇಳುತ್ತಾ ಬಂದು ಅವಳ ಮುಂದೆ ನಿಲ್ಲುತ್ತಾರೆ.

"ನೀನು ಥಿಯೇಟರ್ ಬಾಗಿಲಿಗೆ."

"ಅಕ್ಕಾ, ಬೇಡ. ಎಕ್ಸರೇ ಹತ್ರ ಹಾಕಿ."

"ಎಲ್ಲಿ ಹಾಕ್ಬೇಕು ಅಂತ ನಂಗೊತ್ತು. ನಡಿ."

ಥಿಯೇಟರಿನ ಮುಂದೆ ನಡುವಯಸ್ಸಿನ ಹೆಂಗಸೊಬ್ಬರು ಮಲಗಿದ್ದಾರೆ. ಕೂತ ಸ್ವಲ್ಪ ಹೊತ್ತಿಗೇ "ಒಂದೇ ಗುಟುಕು ನೀರು, ಕಂದಾ" ಎನ್ನುತ್ತಾರೆ. ಹುಡುಗಿ ಅವರ ಮಣಿಕಟ್ಟು ನೋಡುತ್ತಾಳೆ. "ಕೊಡೋ ಹಾಗಿಲ್ಲಮ್ಮ. ತುಟಿ ಒದ್ದೆ ಮಾಡಬಹುದಾ ಅಂತ ಸಿಸ್ಟರ್‌ನ ಕೇಳಿ ಬರ್ತೀನಿ." ಒಪ್ಪಿಗೆ ಪಡೆದು, ಚೆನ್ನಾಗಿ ಹಿಂಡಿದ ಒದ್ದೆ ಹತ್ತಿ ತಂದು ತುಟಿಗೆ ಸವರುತ್ತಾಳೆ. "ಜಿಪುಣಿ ಕಣೇ ನೀನು" ಎಂದು ಹೆಂಗಸು ಮುಖ ಸಿಂಡರಿಸುತ್ತಾರೆ. ಅವಳ ಕೈ ಮಾತ್ರ ಬಿಡುವುದಿಲ್ಲ.

ಖಾಲಿ ಸ್ಟ್ರೆಚರು ತಳ್ಳಿಕೊಂಡು ಬಂದ ಗಾಲಿಯಕ್ಕ ದೂರದಿಂದಲೇ ನೋಡುತ್ತಾರೆ. ಇಷ್ಟೆಲ್ಲ ಆದ ಮೇಲೂ ಅವಳನ್ನೇ ಯಾಕೆ ಅಲ್ಲಿಗೆ ಕಳಿಸಿದಿರಿ ಎಂದು ಕೇಳಿದರೆ, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಾರೆ.

"ಅವಳು ನರ್ಸ್ ಆಗ್ತಾಳೋ ಬಿಡ್ತಾಳೋ, ಅದು ಅವಳಿಗೆ, ಅವಳ ಮನೆಯೋರಿಗೆ ಬಿಟ್ಟಿದ್ದು. ನಾಳೆ ನಾನೇ ಆ ಬಾಗಿಲಲ್ಲಿ ಮಲಗೋ ಹಾಗಾದ್ರೆ, ಪಕ್ಕದಲ್ಲಿ ಅವಳು ಕೂತಿರ್ಬೇಕು. ನನಗೆ ಅಷ್ಟೇ."