ಎರಡು ಸಲ ಕೂತ ಸೀಮಂತ

ಜರಗನಹಳ್ಳಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಕೆಳಗೇ ಓನರ್ ಆಂಟಿಯ ಸಂಸಾರ. ತೊಂಬತ್ತರ ದಶಕದ ಕೊನೆ. ಗದಗದಿಂದ ಬಂದು ಜಯನಗರದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದೆ. ಸೋದರಮಾವ ಕೊಟ್ಟ ಹಳೆಯ ರೀಲ್ ಕ್ಯಾಮೆರಾಕ್ಕೆ ಫ್ಲಾಶ್ ಇರಲಿಲ್ಲ. ಅಗ್ಗದ್ದೊಂದು ಕೊಂಡು ಅದರ ತಲೆಗೆ ಸಿಕ್ಕಿಸಿದೆ. ಅದು ಕುಂಯ್ ಎಂದು ಚಾರ್ಜ್ ಆಗುವ ಸದ್ದು ಕೇಳಿಯೇ ನಾನು ಫೋಟೋಗ್ರಾಫರ್ ಆಗಿಬಿಟ್ಟೆ ಎಂದುಕೊಂಡೆ.

ಆಂಟಿಯ ಮಗಳ ಸೀಮಂತಕ್ಕೆ ಸ್ಟುಡಿಯೋದವರನ್ನು ಕರೆಸುವ ಮಾತು ನಡೆದಾಗ ನಾನೇ ಬಾಯಿ ಹಾಕಿದೆ. "ಅವರ್ಯಾಕ ಬೇಕ್ರೀ ಆಂಟಿ? ನಾನ ತಗೀತೀನ್ರಿ. ನನ್ನ ಕಡೆ ಫ್ಲಾಶ್ ಐತಿ."

ಸೀಮಂತದ ದಿನ ಅಜ್ಜಿಯರನ್ನೂ ಬಿಡದೆ ಅತ್ತ ಸರಿಸಿ, ಇತ್ತ ನಿಲ್ಲಿಸಿ, ಜೋರಾಗಿಯೇ ಓಡಾಡಿದೆ.

ಪ್ರಿಂಟ್ ತಂದು ನೋಡಿದರೆ ಪ್ರತಿ ಫೋಟೋದ ಅರ್ಧ ಭಾಗ ಇದ್ದಿಲಿನಷ್ಟು ಕಪ್ಪು. ಒಂದರಲ್ಲಿ ಮಗಳಿದ್ದಾಳೆ, ಆರತಿ ಎತ್ತುವ ಅತ್ತೆ ಇಲ್ಲ. ಇನ್ನೊಂದರಲ್ಲಿ ಆರತಿಯಿದೆ, ಮಗಳೇ ಇಲ್ಲ. ಕ್ಯಾಮೆರಾದ ಶಟರ್ ವೇಗದ ಡಯಲ್‌ನಲ್ಲಿ ಅರವತ್ತರ ಅಂಕಿ ಕೆಂಪಗಿತ್ತು. ಫ್ಲಾಶ್ ಹಾಕಿದಾಗ ಅಲ್ಲೇ ಇಡಬೇಕಿತ್ತು. ನಾನು ಅದಕ್ಕಿಂತ ವೇಗಕ್ಕೆ ತಿರುಗಿಸಿದ್ದೆ. ಹಾಗಾಗಿ ಫಿಲ್ಮಿನ ಮುಂದಿನ ಪರದೆ ಪೂರ್ತಿ ತೆರೆಯುವ ಮುನ್ನವೇ ಬೆಳಕು ಹೊಡೆದು ಮುಗಿದಿತ್ತು.

ಲಕೋಟೆ ಹಿಡಿದು ಕೆಳಗೆ ಹೋದೆ. "ಎಲ್ಲಾ ಕೆಟ್ಟಾವ್ರೀ ಆಂಟಿ. ನಂದ ತಪ್ಪು."

ಆಂಟಿ ಒಂದೊಂದೇ ನೋಡಿದರು. "ಅಯ್ಯೋ, ಬೀಗ್ತಿ ಮುಖಾನೇ ಇಲ್ವಲ್ಲ" ಎಂದು ಫೋಟೋಗಳನ್ನು ಲಕೋಟೆಗೆ ಸೇರಿಸಿದರು. ಆಮೇಲೆ, "ಹೋಗ್ಲಿ ಬಿಡಮ್ಮ. ಭಾನುವಾರ ಇನ್ನೊಂದ್ಸಲ ಕೂರ್ಸೋಣ" ಎಂದರು.

"ಸ್ಟುಡಿಯೋದವರನ್ನ ಕರೀರಿ ಆಂಟಿ" ಎಂದು ಬೇಡಿಕೊಂಡೆ.

"ಬೇಡಪ್ಪ! ಹೊರಗಿನವ್ರ ಮುಂದೆ ಈ ನಾಟಕ ಆಡಕ್ಕೆ ನಮ್ಗೇ ನಾಚ್ಕೆ. ನೀನೇ ತೆಗಿ."

ಭಾನುವಾರ ಬೀಗಿತ್ತಿ ಶ್ರೀನಗರದಿಂದ ಅದೇ ರೇಷ್ಮೆ ಸೀರೆಯುಟ್ಟು ಬಸ್ಸಿನಲ್ಲಿ ಬಂದರು. ಸಿಹಿತಿಂಡಿ ಎಲ್ಲಿಂದ ಬರಬೇಕು? ತಟ್ಟೆಗಳಿಗೆ ಟೊಮೇಟೊ, ಆಲೂಗಡ್ಡೆ ತುಂಬಿ ಮೇಲೆ ಹೂವು ಹರಡಿದರು. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನಗೆ ಯಾರ ಮುಖವನ್ನೂ ನೇರವಾಗಿ ನೋಡಲಾಗದೆ ಕ್ಯಾಮೆರಾದ ಕಿಂಡಿಯಲ್ಲೇ ಕಣ್ಣಿಟ್ಟುಕೊಂಡಿದ್ದೆ. ಪ್ರತಿ ಸಲ ಡಯಲ್ ನೋಡಿ, ಮತ್ತೆ ನೋಡಿ, ಫ್ಲಾಶಿನ ಕೆಂಪು ದೀಪ ಹತ್ತುವವರೆಗೂ ಕಾಯಬೇಕು. ಅಷ್ಟು ಹೊತ್ತೂ ಆ ತುಂಬು ಬಸುರಿ ನಗು ಬಿಡದೆ ಕೂತಿರುತ್ತಿದ್ದಳು. ಪಾದ ಊದಿದ್ದವು.

"ಇನ್ನೂ ಎಷ್ಟಿದೆ ಅಕ್ಕಾ? ಸೊಂಟ ನೋಯ್ತಿದೆ" ಎಂದಳು, ನನಗೆ ಮಾತ್ರ ಕೇಳುವ ಹಾಗೆ.

ಇನ್ನೂ ರೀಲಿತ್ತು. ನಾನು ಆಯಿತೆಂದು ಹೇಳಿ ನಿಲ್ಲಿಸಿದೆ.

ಈ ಸಲ ಫೋಟೋ ಚೆನ್ನಾಗಿಯೇ ಬಂದವು. ಆಂಟಿ ಒಂದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದರು. ನೆಂಟರು ಬಂದಾಗೆಲ್ಲ, "ನಮ್ಮನೇಲಿ ಸೀಮಂತ ಎರಡ್ಸಲ ಆಯ್ತು ಕಣ್ರೀ, ಇವ್ಳಿಂದ" ಎಂದು ಪ್ರೀತಿಯಿಂದಲೇ ನನ್ನ ಕಡೆ ಕೈ ತೋರಿಸುತ್ತಿದ್ದರು. ನಾನೂ ನಕ್ಕಂತೆ ಮಾಡಿ, ಒಲೆಯ ಮೇಲೆ ಹಾಲಿಟ್ಟಿದ್ದೇನೆಂದು ಸುಳ್ಳು ಹೇಳಿ ಮೆಟ್ಟಿಲು ಹತ್ತುತ್ತಿದ್ದೆ.