ಶ್ರೀ ಹಾಕಿದ ಆರ್ಡರು

ಅಂದು ಬೆಳಿಗ್ಗೆ ನೀರು ತುಂಬಿದೆ, ಜೋಳದ ಹಿಟ್ಟು ಜರಡಿ ಹಿಡಿದೆ, ರೊಟ್ಟಿ ಬಡಿದೆ, ಇವರ ಅಂಗಿಯ ಕಲ್ಲುಪುಡಿ ಝಾಡಿಸಿ ಒಗೆದು ಹಾಕಿದೆ, ಫೋನು ಚಾರ್ಜಿಗಿಟ್ಟೆ. ಆಮೇಲೆ ಇವರ ಜೊತೆ ಕಾರ್ಖಾನೆಗೆ ಹೋದೆ.

ನನ್ನ ಯಜಮಾನರು ಶಹಾಬಾದಿನಲ್ಲಿ ಕಲ್ಲಿಗೆ ಪಾಲಿಶ್ ಹಿಡಿಯುವವರು. ಧೂಳಿಗೆ ಕೆಮ್ಮು ಹತ್ತಿತ್ತು. ಈ ಕೆಲಸ ಬಿಡಿ ಎಂದು ವಾಡಿಯ ಡಾಕ್ಟರು ಹೇಳಿದ್ದರು. ಬಿಟ್ಟು ತಿನ್ನುವುದೇನು? ನಾನು ಹಳೆಯ ಲ್ಯಾಪ್‌ಟಾಪಿನಲ್ಲಿ ನೋಡಿ ನೋಡಿ ಕಲಿತು, ಕಾರ್ಖಾನೆಯ ಆರ್ಡರುಗಳಿಗೆಂದು ಒಂದು ಆ್ಯಪ್ ಬರೆದಿದ್ದೆ. ಅದು ನಡೆದರೆ ಆಫೀಸಿನಲ್ಲಿ ನನಗೊಂದು ಕೆಲಸ ಎಂದಿದ್ದರು ಮಾಲೀಕರು. ನನಗೆ ಸಿಕ್ಕರೆ ಇವರು ಧೂಳಿನಿಂದ ಹೊರಗೆ.

ಆ್ಯಪಿನಲ್ಲಿ ಬರೆದ ಆರ್ಡರಿನ ಸಾಲು ‘ಪಾಲಿಶ್’ ಎಂದು ಶುರುವಾದರೆ ಪಾಲಿಶಿನವರಿಗೆ, ‘ಕಟಿಂಗ್’ ಎಂದು ಶುರುವಾದರೆ ಕೊಯ್ಯುವವರಿಗೆ ಹೋಗಬೇಕು. ‘ಕಟಿಂಗ್ ಆದಮೇಲೆ ಪಾಲಿಶ್’ ಎಂದು ಬರೆಯುವವರೂ ಇರುತ್ತಾರಲ್ಲ, ಅದಕ್ಕೇ ಶುರುವನ್ನಷ್ಟೇ ನೋಡು ಎಂದು ಆ್ಯಪಿಗೆ ಹೇಳಿದ್ದೆ. ಮನೆಯಲ್ಲಿ ನಾನೇ ಟೈಪ್ ಮಾಡಿ ನೋಡಿದಾಗ ಒಮ್ಮೆಯೂ ತಪ್ಪಿರಲಿಲ್ಲ.

ಮಾಲೀಕರು ಆ್ಯಪ್ ಹಾಕಿಸಿಕೊಂಡ ತಮ್ಮ ಫೋನನ್ನು ಮೊದಲು ಇವರಿಗೇ ಕೊಟ್ಟರು. ಇವರು ಕೈ ಒರೆಸಿಕೊಂಡು ನಿಧಾನಕ್ಕೆ ಬರೆದು ಕಳಿಸಿದರು. ಎಲ್ಲಿಗೂ ಹೋಗಲಿಲ್ಲ. ನಾವು ಚಾಚಾ ಎನ್ನುವ ಹಿರಿಯ ಮಿಸ್ತ್ರಿ ಬರೆದರು. ಅದೂ ಹೋಗಲಿಲ್ಲ.

“ನಮ್ಮ ಕಲ್ಲು ನಿನ್ನ ಆ್ಯಪಿಗಿ ಭಾಳ ಭಾರ ಆಗ್ಯಾವ ಕಾಣಸ್ತದ, ಬೇಟಿ,” ಎಂದು ಚಾಚಾ ನಕ್ಕರು.

ಮಾಲೀಕರು ನಗಲಿಲ್ಲ. “ಇರ್ಲಿ ಬಿಡ್ರಿ ಅಕ್ಕಾ. ಕಲ್ಲಿನ ಮ್ಯಾಲ ಸುಣ್ಣದ ಖಡುಲಿಂದ ಬರಿತಿದ್ವಿ, ಹಂಗೇ ಬರಿತೀವಿ.” ನನ್ನ ಕಣ್ಣೆದುರೇ ಆ್ಯಪನ್ನು ಅಳಿಸಿದರು.

ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಆ್ಯಪಿನಿಂದ ಬಂದು ಉಳಿದಿದ್ದ ಇಬ್ಬರ ಸಾಲುಗಳನ್ನೂ ತೆಗೆದು ನೋಡಿದೆ. ಇವರದು ‘ಶ್ರೀ’ ಎಂದು ಶುರುವಾಗಿತ್ತು, ಚಾಚಾರದು ಬಿಸ್ಮಿಲ್ಲಾದ ಗುರುತು ‘೭೮೬’ ಎಂದು. ‘ಪಾಲಿಶ್’ ಬಂದದ್ದು ಅದರ ನಂತರ. ನಮ್ಮ ಕಡೆ ಹೊಸದನ್ನು ಯಾರು ತಾನೇ ಬರಿದಾಗಿ ಶುರು ಮಾಡುತ್ತಾರೆ? ಕಿರಾಣಿ ಚೀಟಿಯ ತಲೆಗೂ ನಾನು ಶ್ರೀ ಹಾಕುವವಳೇ.

“ನಿಂದು ಮೊದಲ್ನೇ ಕೆಲಸ, ಚಲೋ ಆಗ್ಲಿ ಅಂತ ಹಾಕೀನಿ,” ಎಂದರು ಇವರು.

ಶುರುವಿನ ಶ್ರೀ, ೭೮೬ ಎರಡನ್ನೂ ದಾಟಿ ಓದು ಎಂದು ಆ್ಯಪಿಗೆ ಒಂದು ಸಾಲು ಸೇರಿಸಿದೆ, ಸರಿಹೋಯಿತು. ಸಂಜೆ ಮಾಲೀಕರಿಗೆ ಫೋನು ಮಾಡಿದೆ. ಆಫೀಸಿಗೆ ಬೇರೆಯವರಿಗೆ ಹೇಳಿ ಆಗಿದೆ, ನಾಳೆ ಇವರನ್ನು ಬೇಗ ಕಳಿಸಿ, ಲಾರಿ ತುಂಬಬೇಕು ಎಂದರು.

ರಾತ್ರಿ ಬೆಳಗಿನ ರೊಟ್ಟಿ, ಪುಂಡಿಪಲ್ಯ ತಿಂದೆವು. ಕಣ್ಣು ಮುಚ್ಚಿ ಮಲಗಿದ್ದ ನನಗೆ ನಿದ್ದೆ ಹತ್ತಿತೆಂದು ಅಂದುಕೊಳ್ಳುವವರೆಗೆ ಇವರು ಕೆಮ್ಮು ತಡೆದುಕೊಂಡಿದ್ದರು. ಆಮೇಲೆ ಕೆಮ್ಮಿ ದಣಿದು, ಇವರೇ ನನಗಿಂತ ಮೊದಲು ನಿದ್ದೆಹೋದರು.